ಪಕ್ಕೆ ನೋಡಿ ಲ್ಯಾಪ್‌ಟಾಪ್ ಕೊಳ್ಳಿ

ಸಿಇಟಿ ಸೀಟು ಹಂಚಿಕೆ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ಮಂಡ್ಯದ ಮನೆಗಳಲ್ಲಿ ಲ್ಯಾಪ್‌ಟಾಪಿನ ಮಾತು ಏಳುತ್ತದೆ. ನಗರದ ಅಂಚಿಗೆ ಅಂಟಿಕೊಂಡ, ಅರಕೇಶ್ವರನ ಗುಡಿಯಿರುವ ಗುತ್ತಲಿನಲ್ಲೂ ಹಾಗೆಯೇ. ಇಲ್ಲಿ ಅದು ಸಣ್ಣ ಖರ್ಚಲ್ಲ. ಕಬ್ಬಿನ ಬಿಲ್ಲು ಬರಲಿ ಎಂದು ಕಾಯುವವರಿದ್ದಾರೆ, ಸ್ತ್ರೀಶಕ್ತಿ ಸಂಘದಲ್ಲಿ ಸಾಲ ಎತ್ತುವವರಿದ್ದಾರೆ, ರೇಷ್ಮೆಗೂಡು ಮಾರಿದ ದುಡ್ಡನ್ನು ಇದಕ್ಕೆಂದೇ ಎತ್ತಿಟ್ಟವರಿದ್ದಾರೆ. ನಲವತ್ತೋ ಐವತ್ತೋ ಸಾವಿರ ಕೊಟ್ಟು ತಂದ ಯಂತ್ರ ನಾಲ್ಕು ವರ್ಷ ಬಾಳಬೇಕು. ಅಕ್ಕನ ಓದು ಮುಗಿದ ಮೇಲೆ ತಮ್ಮನ ಕೈಗೆ ಹೋಗಬೇಕು.

ಅಂಗಡಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಗಳು ಒಂದೇ. ರ‍್ಯಾಮ್ ಎಷ್ಟು ಜಿಬಿ? ಐ5 ಇದೆಯಾ, ಐ3 ಇದೆಯಾ? ಬ್ಯಾಗು ಫ್ರೀ ಕೊಡ್ತೀರಾ? ನನ್ನ ಹತ್ತಿರ ಸಲಹೆ ಕೇಳಲು ಬರುವವರೂ ಇದನ್ನೇ ಕೇಳುತ್ತಾರೆ. "ಅಣ್ಣಾ, ಐವತ್ತು ಸಾವ್ರದೊಳಗೆ ಯಾವ್ದು ಚೆನ್ನಾಗೈತೆ?" ಎನ್ನುವ ಅಕ್ಕನಿಗೆ ನಾನು ತಿರುಗಿ ಕೇಳುವುದು ಇಷ್ಟೇ: "ಅಕ್ಕಾ, ಅದಕ್ಕೆ ಏನೇನು ಚುಚ್ಚಬೇಕು ಅಂತ ಮಗಳು ಹೇಳವ್ಳಾ?" ಸಾಮಾನ್ಯವಾಗಿ ಬರುವ ಉತ್ತರ, "ಚಾರ್ಜರ್ ಚುಚ್ತಾರೆ, ಇನ್ನೇನು ಚುಚ್ತಾರಣ್ಣ?"

ಬಹಳಷ್ಟು ಚುಚ್ಚುತ್ತಾರೆ. ಯಾವುದನ್ನು ಚುಚ್ಚಬಹುದು, ಯಾವುದನ್ನು ಆಗದು ಎಂಬುದರ ಮೇಲೆಯೇ ಆ ಲ್ಯಾಪ್‌ಟಾಪ್ ಯಾವ ಕೋಣೆಯಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಸುಮ್ಮನೆ ಕೂರುತ್ತದೆ ಎಂಬುದು ತೀರ್ಮಾನವಾಗುತ್ತದೆ. ಎಷ್ಟೋ ಮಾದರಿಗಳಲ್ಲಿ ರ‍್ಯಾಮನ್ನು ಆಮೇಲೆ ಹೆಚ್ಚಿಸಬಹುದು. ಎಸ್‌ಎಸ್‌ಡಿ ಬದಲಿಸಬಹುದು, ಬ್ಯಾಟರಿ ಸತ್ತರೆ ಹೊಸದು ಹಾಕಿಸಬಹುದು. ಪಕ್ಕದಲ್ಲಿ ಇಲ್ಲದ ಪೋರ್ಟನ್ನು ಮಾತ್ರ ಯಾವ ಮೆಕ್ಯಾನಿಕ್ಕೂ ಕೊರೆದು ಕೊಡಲಾರ. ಆದ್ದರಿಂದ ಬೆಲೆ, ಬ್ರ್ಯಾಂಡು ಎಲ್ಲಕ್ಕಿಂತ ಮೊದಲು ಲ್ಯಾಪ್‌ಟಾಪಿನ ಎರಡೂ ಪಕ್ಕೆಗಳನ್ನು ನೋಡಬೇಕು ಎಂದು ನಾನು ಹೇಳುತ್ತೇನೆ.

ವಿಶ್ವೇಶ್ವರಯ್ಯ ನಾಲೆಯ ಕೆಳಗೆ ಬೇಸಾಯ ಮಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿ ನಿಂತಿದ್ದರೂ ಮದ್ದೂರು, ಮಳವಳ್ಳಿಯ ಕೊನೆ ಭಾಗದ ಗದ್ದೆಗೆ ಬರುವ ನೀರು ತೂಬಿನಷ್ಟೇ. ಒಳಗೆ ಎಷ್ಟೇ ವೇಗದ ಪ್ರೊಸೆಸರ್ ಕೂತಿರಲಿ, ಹೊರಗಿನ ಸಾಧನಕ್ಕೆ ಹೋಗುವ ಮಾಹಿತಿ ಪೋರ್ಟಿನ ಅಳತೆಯನ್ನು ಮೀರುವುದಿಲ್ಲ.

ಮೊದಲು ಕಾಲೇಜಿನ ವಿಚಾರ. ಕೆ.ವಿ. ಶಂಕರಗೌಡರು 1962ರಲ್ಲಿ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಕಟ್ಟಿದ ಮೇಲೆ ಮಂಡ್ಯ ಸೀಮೆಯ ರೈತರ ಮಕ್ಕಳಿಗೆ ಎಂಜಿನಿಯರಿಂಗ್ ಮನೆ ಬಾಗಿಲಿಗೆ ಬಂತು. ಇಲ್ಲಿರಲಿ, ಮೈಸೂರು ಬೆಂಗಳೂರಿನಲ್ಲಿರಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗೆ ಸೆಮಿನಾರ್ ತಪ್ಪಿದ್ದಲ್ಲ. ಸೆಮಿನಾರ್ ಎಂದರೆ ಪ್ರೊಜೆಕ್ಟರ್. ಛಾವಣಿಗೆ ತೂಗುಹಾಕಿದ ಹಳೆಯ ಪ್ರೊಜೆಕ್ಟರುಗಳಿಂದ ಇಳಿದು ಬರುವ ಕೇಬಲಿನ ತುದಿಯಲ್ಲಿ ಎಷ್ಟೋ ಕಡೆ ಇಂದಿಗೂ ಇರುವುದು ಹದಿನೈದು ಪಿನ್ನಿನ ನೀಲಿ ವಿಜಿಎ. 1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರಿನ ಜೊತೆ ತಂದದ್ದು ಅದು. ಇಂಟೆಲ್, ಎಎಂಡಿ, ಡೆಲ್, ಲೆನೊವೊ, ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳು 2010ರ ಡಿಸೆಂಬರಿನಲ್ಲೇ ಒಟ್ಟಾಗಿ, 2015ರ ಹೊತ್ತಿಗೆ ವಿಜಿಎಗೆ ವಿದಾಯ ಹೇಳುವ ಇಂಗಿತ ಕೊಟ್ಟಿದ್ದವು. ಹೊಸ ಲ್ಯಾಪ್‌ಟಾಪಿನಿಂದ ಅದು ಹೋಗಿಯೂ ಹೋಯಿತು. ಆದರೆ ಛಾವಣಿಯ ಪ್ರೊಜೆಕ್ಟರು ಕೆಡುವವರೆಗೂ ಅದರ ಕೇಬಲನ್ನು ಯಾರೂ ಬದಲಿಸುವುದಿಲ್ಲ.

ಇದಕ್ಕೆ ಪರಿಹಾರ ಸುಲಭ: ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಇರಲಿ, ಜೊತೆಗೆ ಎಚ್‌ಡಿಎಂಐನಿಂದ ವಿಜಿಎಗೆ ಹೋಗುವ ಅಡಾಪ್ಟರ್ ಒಂದು ಬ್ಯಾಗಿನಲ್ಲಿರಲಿ. ಕೊಳ್ಳುವಾಗ ದಿಕ್ಕು ನೋಡಿ ಕೊಳ್ಳಬೇಕು. ಎಚ್‌ಡಿಎಂಐ ಡಿಜಿಟಲ್, ವಿಜಿಎ ಅನಲಾಗ್. ನಡುವೆ ಒಂದು ಚಿಪ್ ಕೂತು ಪರಿವರ್ತಿಸಬೇಕು, ಮತ್ತು ಆ ಚಿಪ್ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ವಿಜಿಎಯಿಂದ ಎಚ್‌ಡಿಎಂಐಗೆ ಹೋಗುವ ಡಬ್ಬಿಯನ್ನು ತಂದು ತಿರುಗಿಸಿ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ವಿಜಿಎಯಲ್ಲಿ ಧ್ವನಿ ಹೋಗುವುದಿಲ್ಲ. ವಿಡಿಯೊ ತೋರಿಸುವುದಿದ್ದರೆ 3.5 ಮಿ.ಮೀ. ಆಡಿಯೊ ತೂತಿರುವ ಅಡಾಪ್ಟರ್ ಬೇಕು, ಇಲ್ಲವೇ ಲ್ಯಾಪ್‌ಟಾಪಿನ ಹೆಡ್‌ಫೋನ್ ಜಾಕಿನಿಂದಲೇ ಸ್ಪೀಕರಿಗೆ ತಂತಿ ಎಳೆಯಬೇಕು.

ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್ ಓದುವವರಿಗೆ ಲ್ಯಾಬ್ ಇನ್ನೊಂದು ಪರೀಕ್ಷೆ. ಆರ್ಡುಯಿನೊ ಯುನೊ ಬೋರ್ಡಿನ ಜೊತೆ ಸಾಮಾನ್ಯವಾಗಿ ಬರುವ ಕೇಬಲಿನ ಒಂದು ತುದಿ ಚೌಕ, ಇನ್ನೊಂದು ತುದಿ ಪೆನ್‌ಡ್ರೈವಿನಂಥ ಅಗಲ ಯುಎಸ್‌ಬಿ, ಅಂದರೆ ಟೈಪ್ ಎ. ವಿಟಿಯು ಪಠ್ಯಕ್ರಮದ ಮೂಲಕ ಬಹಳ ವಿದ್ಯಾರ್ಥಿಗಳ ಕೈಗೆ ಬಂದಿರುವ ಎಲ್‌ಪಿಸಿ2148 ಚಿಪ್ಪಿನ ಬೋರ್ಡಿಗೆ ಪ್ರೋಗ್ರಾಂ ಇಳಿಸುವುದು ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನ ದಾರಿಯಲ್ಲಿ. ಆ ಪೋರ್ಟು ಇರುವ ಹೊಸ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಹುಡುಕಿದರೂ ಸಿಗದು. ಯುಎಸ್‌ಬಿಯಿಂದ ಸೀರಿಯಲ್‌ಗೆ ಪರಿವರ್ತಿಸುವ ಕೇಬಲ್ ಕೊಳ್ಳಬೇಕು. ಅದರಲ್ಲೂ ಅಗ್ಗದ ನಕಲಿ ಪಿಎಲ್2303 ಚಿಪ್ಪಿನ ಕೇಬಲುಗಳನ್ನು ಹೊಸ ವಿಂಡೋಸ್ ಡ್ರೈವರುಗಳು ಒಪ್ಪುವುದಿಲ್ಲ. ನೂರಿನ್ನೂರು ಹೆಚ್ಚಾದರೂ ಎಫ್‌ಟಿಡಿಐ ಚಿಪ್ಪಿನದು ತೆಗೆದುಕೊಂಡರೆ ಪರೀಕ್ಷೆಯ ದಿನ ಬೆವರಬೇಕಾಗಿಲ್ಲ.

ಓದುವ ಮಕ್ಕಳಿಗಷ್ಟೇ ಲ್ಯಾಪ್‌ಟಾಪ್ ಎಂದುಕೊಂಡರೆ ಅದು ಅರ್ಧ ಸತ್ಯ. ಹಳ್ಳಿಯ ಗ್ರಾಮ ಒನ್ ಕೇಂದ್ರ ನಡೆಸುವವರ ಮೇಜು ನೋಡಿ. ಬೆರಳಚ್ಚು ಯಂತ್ರ, ಪ್ರಿಂಟರ್, ವೆಬ್‌ಕ್ಯಾಮ್, ಮೌಸ್, ಎಲ್ಲವೂ ಒಟ್ಟಿಗೆ ಚುಚ್ಚಿರಬೇಕು, ಮತ್ತು ಇವೆಲ್ಲ ಬಹುಪಾಲು ಟೈಪ್ ಎ ಪಿನ್ನಿನವೇ. ಗುತ್ತಿಗೆದಾರರು, ಜಿಎಸ್‌ಟಿ ಲೆಕ್ಕ ನೋಡುವವರಿಗೆ ಡಿಜಿಟಲ್ ಸಹಿಯ ಟೋಕನ್ ಇರುತ್ತದೆ; ಅದೂ ಪೆನ್‌ಡ್ರೈವಿನ ಆಕಾರದ್ದೇ, ಸಹಿ ಮುಗಿಯುವವರೆಗೆ ತೆಗೆಯುವಂತಿಲ್ಲ. ಎರಡೇ ಯುಎಸ್‌ಬಿ ಇರುವ ತೆಳ್ಳನೆಯ ಲ್ಯಾಪ್‌ಟಾಪ್ ಇಂಥ ಮೇಜಿನ ಮೇಲೆ ಬಂದರೆ ಏನಾಗುತ್ತದೆ? ಪಿಂಚಣಿಗೆ ಹೆಬ್ಬೆಟ್ಟು ಒತ್ತಲು ಬಂದ ಅಜ್ಜಿ ನಿಂತಿರುತ್ತಾಳೆ, ಈತ ಪ್ರಿಂಟರಿನ ತಂತಿ ಕಿತ್ತು ಬೆರಳಚ್ಚು ಯಂತ್ರ ಚುಚ್ಚುತ್ತಿರುತ್ತಾನೆ. ಇಂಥ ಕೆಲಸಕ್ಕೆ ಕನಿಷ್ಠ ಮೂರು ಟೈಪ್ ಎ ಇರುವ ದಪ್ಪ ಲ್ಯಾಪ್‌ಟಾಪೇ ಸರಿ. ಓಡಾಟವೇ ಇಲ್ಲದಿದ್ದರೆ ಡೆಸ್ಕ್‌ಟಾಪ್ ಇನ್ನೂ ವಾಸಿ.

ಇಂಟರ್‌ನೆಟ್ಟಿನ ಹಸಿರು ದೀಪ ಮಿನುಗುವ ಎತರ್‌ನೆಟ್ ತೂತನ್ನು, ಅಂದರೆ ಆರ್‌ಜೆ-45ನ್ನು, ತೆಳ್ಳಗೆ ಮಾಡುವ ಹುಮ್ಮಸ್ಸಿನಲ್ಲಿ ತಯಾರಕರು ಮೊದಲು ಕಿತ್ತರು. ವೈಫೈ ಇದೆಯಲ್ಲ ಎನ್ನುತ್ತಾರೆ. ಇದೆ. ಆದರೆ ಮಣ್ಣಿನ ಗೋಡೆಯ ಹಳೇ ಮನೆಯಲ್ಲಿ ಎರಡು ಕೋಣೆ ದಾಟುವಷ್ಟರಲ್ಲಿ ವೈಫೈ ಸೊರಗುತ್ತದೆ. ಆನ್‌ಲೈನ್ ಪರೀಕ್ಷೆ, ಸಂದರ್ಶನದ ಹೊತ್ತಿಗೆ ರೂಟರಿನಿಂದ ತಂತಿ ಎಳೆದು ಕೂತರೆ ಸಿಗುವ ನೆಮ್ಮದಿಯೇ ಬೇರೆ. ಪಂಚಾಯಿತಿ ಕಚೇರಿಗಳಿಗೆ ಫೈಬರ್ ತಲುಪಿಸಲು ಹೊರಟ ಭಾರತ್‌ನೆಟ್ ಯೋಜನೆಯ ಡಬ್ಬಿಯಿಂದ ಹೊರಬರುವುದೂ ಇದೇ ಎತರ್‌ನೆಟ್ ತಂತಿ. ಲ್ಯಾಪ್‌ಟಾಪಿನಲ್ಲಿ ಆರ್‌ಜೆ-45 ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತದೆ. ಅದರ ಮೇಲೆ ಗಿಗಾಬಿಟ್ ಎಂದು ಬರೆದಿದೆಯೇ ನೋಡಿ. ತೀರಾ ಅಗ್ಗದವು 100 ಎಂಬಿಪಿಎಸ್‌ಗೇ ನಿಲ್ಲುತ್ತವೆ.

ಮದುವೆ ಫೋಟೊ ತೆಗೆಯುವವರದು ಇನ್ನೊಂದು ಕಷ್ಟ. ಧಾರೆ ಮುಗಿದ ರಾತ್ರಿ 64 ಜಿಬಿಯ ಎಸ್‌ಡಿ ಕಾರ್ಡು ಖಾಲಿ ಮಾಡಬೇಕು, ಬೆಳಿಗ್ಗೆ ಇನ್ನೊಂದು ಮಂಟಪ. 2000ನೇ ಇಸವಿಯ ಯುಎಸ್‌ಬಿ 2.0ರ ವೇಗ ಕಾಗದದ ಮೇಲೆ 480 ಎಂಬಿಪಿಎಸ್. ಕೈಗೆ ಸಿಗುವುದು ಸೆಕೆಂಡಿಗೆ 35ರಿಂದ 40 ಎಂಬಿ. ಅದರ ಮೂಲಕ ಓದುವ ಕಾರ್ಡ್ ರೀಡರಿನಲ್ಲಿ ಆ ಕಾರ್ಡು ಖಾಲಿಯಾಗಲು ಅರ್ಧ ಗಂಟೆ. 2008ರಲ್ಲಿ ಬಂದ ಯುಎಸ್‌ಬಿ 3.0 ಪೋರ್ಟಿಗೆ ಒಳ್ಳೆಯ ರೀಡರ್ ಚುಚ್ಚಿದರೆ ಅದೇ ಕಾರ್ಡು ಹನ್ನೆರಡು ನಿಮಿಷದ ಕೆಲಸ. ಲ್ಯಾಪ್‌ಟಾಪಿನಲ್ಲೇ ಕಾರ್ಡಿನ ಜಾಗ ಇದ್ದರೆ ಚೆನ್ನ, ಆದರೆ ಕೆಲವು ಮಾದರಿಗಳಲ್ಲಿ ಅದು ಒಳಗೊಳಗೇ ಯುಎಸ್‌ಬಿ 2.0ಕ್ಕೆ ಕಟ್ಟಿದ್ದಿರುತ್ತದೆ. ಕಾರ್ಡು ಒಯ್ದು ಅಂಗಡಿಯಲ್ಲೇ ಒಂದು ದೊಡ್ಡ ವಿಡಿಯೊ ಕಾಪಿ ಮಾಡಿ ನೋಡುವುದೇ ಸರಿಯಾದ ಪರೀಕ್ಷೆ. ಟೈಪ್ ಎ ಪೋರ್ಟಿನೊಳಗಿನ ನಾಲಗೆ ನೀಲಿ ಬಣ್ಣದ್ದಾದರೆ ಅದು ಸಾಮಾನ್ಯವಾಗಿ 3.0 ಜಾತಿಯದು. ಬಣ್ಣವನ್ನೇ ನಂಬಿಕೊಳ್ಳುವಂತಿಲ್ಲ, ಹಲವು ತಯಾರಕರು ಎಲ್ಲವನ್ನೂ ಕಪ್ಪು ಮಾಡಿ "ಎಸ್‌ಎಸ್" ಎಂಬ ಸಣ್ಣ ಗುರುತು ಮಾತ್ರ ಕೊಡುತ್ತಾರೆ.

ಹೆಸರುಗಳ ಗೊಂದಲದ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಯುಎಸ್‌ಬಿ 3.0 ಎಂದು ಹುಟ್ಟಿದ್ದು ಮುಂದೆ 3.1 ಜೆನ್ 1 ಆಯಿತು, ಆಮೇಲೆ 3.2 ಜೆನ್ 1 ಆಯಿತು. ಮೂರೂ ಒಂದೇ, ವೇಗ 5 ಜಿಬಿಪಿಎಸ್. ಹೆಸರು ಬದಲಾದದ್ದರಿಂದ ಗ್ರಾಹಕನಿಗೆ ಆದ ಲಾಭ ಶೂನ್ಯ. ಹಾಗಾಗಿ ಹೆಸರು ಬಿಟ್ಟು ಜಿಬಿಪಿಎಸ್ ಸಂಖ್ಯೆಯನ್ನೇ ಕೇಳಿ: 5, 10, 20, 40. ವಿದ್ಯಾರ್ಥಿಗೆ 5 ಸಾಕು. ವಿಡಿಯೊ ಎಡಿಟಿಂಗ್ ಮಾಡುವವರು 10 ಕೇಳಲಿ.

ಇನ್ನು ಟೈಪ್ ಸಿ. ಅತಿ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ನೋಡೋಣ. 1996ರಲ್ಲಿ ಮೊದಲ ಯುಎಸ್‌ಬಿ ಬಂದಾಗ ಅದರ ಹಿಂದಿದ್ದ ಪ್ರಮುಖರಲ್ಲಿ ಒಬ್ಬರು ನಮ್ಮ ದೇಶದವರೇ: ವಡೋದರದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ಪೆನ್‌ಡ್ರೈವನ್ನು ಒಂದು ಸಲ ಹೀಗೆ, ಇನ್ನೊಂದು ಸಲ ಹಾಗೆ ತಿರುಗಿಸಿ ಚುಚ್ಚುವ ಕಿರಿಕಿರಿ ಯಾಕೆ ಎಂದು ಕೇಳಿದಾಗ ಅವರು ಕೊಟ್ಟ ಕಾರಣ ದುಡ್ಡು. ಎರಡೂ ಕಡೆಯಿಂದ ಹೋಗುವಂತೆ ಮಾಡಿದ್ದರೆ ತಂತಿಯೂ ಸರ್ಕೀಟೂ ದುಪ್ಪಟ್ಟಾಗಿ ಬೆಲೆ ಏರುತ್ತಿತ್ತು. ಆ ಕಿರಿಕಿರಿ ತಪ್ಪಿದ್ದು 2014ರಲ್ಲಿ, ಇಪ್ಪತ್ತನಾಲ್ಕು ಪಿನ್ನಿನ ಟೈಪ್ ಸಿ ಬಂದಾಗ. ಹೇಗೆ ಚುಚ್ಚಿದರೂ ಸರಿ.

ಆದರೆ ಟೈಪ್ ಸಿ ಎನ್ನುವುದು ತೂತಿನ ಆಕಾರ ಮಾತ್ರ. ಅದರೊಳಗೆ ಏನು ಹರಿಯುತ್ತದೆ ಎನ್ನುವುದು ತಯಾರಕರ ಇಚ್ಛೆ. ಒಂದು ಲ್ಯಾಪ್‌ಟಾಪಿನ ಟೈಪ್ ಸಿ ಬರೀ ಫೈಲು ಸಾಗಿಸುತ್ತದೆ. ಪಕ್ಕದ ಲ್ಯಾಪ್‌ಟಾಪಿನದು ಫೈಲು ಸಾಗಿಸುತ್ತದೆ, ಚಾರ್ಜೂ ಆಗುತ್ತದೆ. ಮೂರನೆಯದು ಇವೆರಡರ ಜೊತೆ ಪರದೆಗೆ ಚಿತ್ರವನ್ನೂ ಕಳಿಸುತ್ತದೆ. ನಾಲ್ಕನೆಯದು ಥಂಡರ್‌ಬೋಲ್ಟ್, 40 ಜಿಬಿಪಿಎಸ್ ಹೆದ್ದಾರಿ. ನಾಲ್ಕನ್ನೂ ಸಾಲಾಗಿ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣದು. ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಬಹುತೇಕ ಥಂಡರ್‌ಬೋಲ್ಟ್. ಪ್ಲಗ್ಗಿನ ಅಥವಾ ಬ್ಯಾಟರಿಯ ಗುರುತಿದ್ದರೆ ಚಾರ್ಜಿಗೆ ಸಂಬಂಧಿಸಿದ್ದು. ಡಿ ಅಕ್ಷರದೊಳಗೆ ಪಿ ಕೂತಂತಿದ್ದರೆ ಡಿಸ್‌ಪ್ಲೇಪೋರ್ಟ್, ಅಂದರೆ ಚಿತ್ರ ಹೋಗುತ್ತದೆ. ಏನೂ ಗುರುತಿಲ್ಲದಿದ್ದರೆ ಆ ಮಾದರಿಯ ಪೂರ್ತಿ ಸಂಖ್ಯೆ ಬರೆದುಕೊಂಡು ತಯಾರಕರ ವಿವರಪಟ್ಟಿ ತೆರೆಯಬೇಕು. ಅಗ್ಗದ ಮಾದರಿಗಳಲ್ಲಿ ಅಲ್ಲೇ ಮೂಲೆಯಲ್ಲಿ "ಡೇಟಾ ಟ್ರಾನ್ಸ್‌ಫರ್ ಓನ್ಲಿ" ಎಂದು ಬರೆದಿರುತ್ತದೆ. ಆ ಮೂರು ಪದ ಕಂಡರೆ, ಅದು ಚಾರ್ಜಿಗೂ ಬಾರದು, ಮಾನಿಟರಿಗೂ ಬಾರದು ಎಂದೇ ತಿಳಿಯಿರಿ. ಹೆಸರಿನ ಕೊನೆಯ ಎರಡು ಅಕ್ಷರ ಬದಲಾದರೆ ಪೋರ್ಟಿನ ಗುಣವೂ ಬದಲಾಗಬಹುದು, ಆದ್ದರಿಂದ ಪೆಟ್ಟಿಗೆಯ ಮೇಲಿನ ಪೂರ್ತಿ ಸಂಖ್ಯೆಯೇ ಬೇಕು.

ಚಾರ್ಜಿನ ವಿಚಾರಕ್ಕೆ ನಮ್ಮ ಕಡೆ ಹೆಚ್ಚು ತೂಕವಿದೆ. ಗುಂಡು ಪಿನ್ನಿನ ಹಳೆಯ ಚಾರ್ಜರುಗಳು ಕಂಪನಿಗೊಂದು, ಮಾದರಿಗೊಂದು. ಒಂದರದು 19 ವೋಲ್ಟ್, ಇನ್ನೊಂದರದು 19.5, ಮತ್ತೊಂದರದು 20. ಪಿನ್ನಿನ ದಪ್ಪವೂ ಬೇರೆ ಬೇರೆ. ಡೆಲ್ ಚಾರ್ಜರುಗಳ ನಡುವಿನ ಸೂಜಿಯಂಥ ಪಿನ್ನು ತಾನು ಯಾರೆಂದು ಲ್ಯಾಪ್‌ಟಾಪಿಗೆ ಹೇಳುತ್ತದೆ. ಅದು ಬಾಗಿದರೆ ಕರೆಂಟು ಬಂದರೂ ಬ್ಯಾಟರಿ ತುಂಬುವುದಿಲ್ಲ. ಹಳ್ಳಿಯಲ್ಲಿ ಚಾರ್ಜರು ಸುಟ್ಟರೆ ಅದೇ ಜಾತಿಯದನ್ನು ಹುಡುಕಲು ಮಂಡ್ಯಕ್ಕೆ ಬರಬೇಕು, ಸಿಗದಿದ್ದರೆ ಬೆಂಗಳೂರಿನ ಎಸ್‌ಪಿ ರಸ್ತೆಗೆ. ಟೈಪ್ ಸಿ ಚಾರ್ಜಿಂಗಿನಲ್ಲಿ ಈ ಅಲೆದಾಟವಿಲ್ಲ. ಪಿಡಿ ಎಂಬ ನಿಯಮದಲ್ಲಿ ಚಾರ್ಜರು ಮತ್ತು ಲ್ಯಾಪ್‌ಟಾಪ್ ಮೊದಲು ಮಾತಾಡಿಕೊಂಡು ಎಷ್ಟು ವೋಲ್ಟ್ ಎಂದು ಒಪ್ಪಂದಕ್ಕೆ ಬಂದ ಮೇಲೆಯೇ ಹೆಚ್ಚಿನ ಕರೆಂಟು ಹರಿಯುತ್ತದೆ. 65 ವ್ಯಾಟಿನ ಒಂದು ಪಿಡಿ ಚಾರ್ಜರ್ ಅಪ್ಪನ ಫೋನಿಗೂ ಮಗಳ ಲ್ಯಾಪ್‌ಟಾಪಿಗೂ ಆಗುತ್ತದೆ. ಹಾಸ್ಟೆಲ್‌ನಲ್ಲಿ ಚಾರ್ಜರ್ ಮರೆತರೂ ಪಕ್ಕದ ಕೋಣೆಯ ಗೆಳತಿಯದು ಸಿಗುತ್ತದೆ.

ಕರೆಂಟು ಹೋದಾಗಲೂ ಇದರ ಉಪಕಾರ ದೊಡ್ಡದು. 20,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ ಸುಮಾರು 74 ವ್ಯಾಟ್‌ಅವರ್ ಇರುತ್ತದೆ. 65 ವ್ಯಾಟ್ ಪಿಡಿ ಕೊಡುವಂಥದ್ದಾದರೆ, ದಾರಿಯಲ್ಲಿ ಸೋರುವುದು ಕಳೆದು, 45–50 ವ್ಯಾಟ್‌ಅವರ್‌ನ ಸಾಧಾರಣ ಲ್ಯಾಪ್‌ಟಾಪನ್ನು ಹೆಚ್ಚುಕಮ್ಮಿ ಒಂದು ಸಲ ತುಂಬಿಸಬಹುದು. ತೋಟದ ಮನೆಯಲ್ಲಿ ಓದುವ ಹುಡುಗನಿಗೆ ಇದು ಒಂದು ಸಂಜೆಯ ಓದು. ಗೇಮಿಂಗ್ ಲ್ಯಾಪ್‌ಟಾಪಿಗೆ ಮಾತ್ರ ಇದು ಸಾಲದು. ಅವು ಪೂರ್ತಿ ಓಡುವಾಗ 150 ವ್ಯಾಟಿಗೂ ಹೆಚ್ಚು ಕೇಳುತ್ತವೆ.

ಇಲ್ಲಿ ಎರಡು ಎಚ್ಚರಿಕೆ. ಕೇಬಲ್ ಕೂಡ ಒಂದು ತೂಬೇ: ಸಾಮಾನ್ಯ ಟೈಪ್ ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟಿಗೆ ನಿಲ್ಲುತ್ತದೆ, ಅದಕ್ಕಿಂತ ಹೆಚ್ಚು ಬೇಕಾದರೆ ಒಳಗೆ ಚಿಪ್ ಇರುವ 5 ಆಂಪಿಯರ್ ಕೇಬಲ್ ಬೇಕು. ಫೋನಿನ ಜೊತೆ ಬಂದ ಕೇಬಲಿನಲ್ಲಿ ಚಿತ್ರ ಹೋಗುವುದಿಲ್ಲ, ಫೈಲೂ ಬಹುತೇಕ ಯುಎಸ್‌ಬಿ 2.0 ವೇಗದಲ್ಲೇ ಹೋಗುತ್ತದೆ. ಎರಡನೆಯದು, ಬಹಳ ಮಾದರಿಗಳಲ್ಲಿ ಟೈಪ್ ಸಿ ಪೋರ್ಟು ಮೂಲ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮಂಚದ ಮೇಲೆ ಚಾರ್ಜಿಗಿಟ್ಟ ಲ್ಯಾಪ್‌ಟಾಪಿನ ತಂತಿಗೆ ಮಗುವಿನ ಕಾಲು ಸಿಕ್ಕಿ ಪೋರ್ಟು ಸಡಿಲವಾದರೆ ರಿಪೇರಿ ದುಬಾರಿ. ಚಾರ್ಜ್ ಆಗುವ ಟೈಪ್ ಸಿ ಎರಡಿದ್ದರೆ, ಸಾಧ್ಯವಾದರೆ ಎಡಕ್ಕೊಂದು ಬಲಕ್ಕೊಂದು, ಒಂದು ಕೆಟ್ಟರೂ ಓದು ನಿಲ್ಲದು.

ಕಾನೂನೂ ಈ ಕಡೆಗೇ ವಾಲಿದೆ. ಭಾರತೀಯ ಮಾನಕ ಬ್ಯೂರೊ 2023ರ ಜನವರಿಯಲ್ಲಿ ಟೈಪ್ ಸಿಗೆ ಭಾರತೀಯ ಮಾನದಂಡ ಪ್ರಕಟಿಸಿತು. ಯುರೋಪಿನ ಒಕ್ಕೂಟ ಫೋನುಗಳಿಗೆ 2024ರ ಡಿಸೆಂಬರ್ 28ರಿಂದಲೂ ಲ್ಯಾಪ್‌ಟಾಪುಗಳಿಗೆ 2026ರ ಏಪ್ರಿಲ್ 28ರಿಂದಲೂ ಟೈಪ್ ಸಿ ಚಾರ್ಜಿಂಗ್ ಕಡ್ಡಾಯ ಎಂದು ನಿಯಮ ಮಾಡಿದೆ. ಕಂಪನಿಗಳು ಯುರೋಪಿಗೊಂದು, ಮಂಡ್ಯಕ್ಕೊಂದು ಅಚ್ಚು ಮಾಡುವುದು ಕಷ್ಟ, ಆದ್ದರಿಂದ ಹೊಸ ಮಾದರಿಗಳಲ್ಲಿ ಇದು ಹೆಚ್ಚುತ್ತಲೇ ಹೋಗುತ್ತದೆ. ಆದರೆ ಹಬ್ಬದ ರಿಯಾಯಿತಿಯಲ್ಲಿ ಅಂಗಡಿಯವರು ಖಾಲಿ ಮಾಡುವುದು ಹಳೆಯ ದಾಸ್ತಾನನ್ನು.

ಪೋರ್ಟು ಕಡಿಮೆಯಿದ್ದರೆ ಹಬ್ ಹಾಕಿಕೊಂಡರಾಯಿತು ಎನ್ನುತ್ತಾರೆ ಮಾರುವವರು. ಹಬ್ ಒಳ್ಳೆಯದೇ. ಮ್ಯಾಕ್‌ಬುಕ್ ಏರ್ ಕೊಂಡವರಿಗೆ ಅದು ಅನಿವಾರ್ಯವೂ ಹೌದು, ಅದರಲ್ಲಿ ಎರಡೇ ಟೈಪ್ ಸಿ. 2022ರ ಎಂ2 ಮಾದರಿಯಿಂದ ಚಾರ್ಜಿಗೆ ಮ್ಯಾಗ್‌ಸೇಫ್ ಬೇರೆ ಬಂತು ಎನ್ನುವುದೊಂದು ಸಮಾಧಾನ. ಆದರೆ ಹಬ್ಬಿನ ನಾಲ್ಕು ತೂತಿಗೂ ನೀರು ಬರುವುದು ಒಂದೇ ತೂಬಿನಿಂದ. ಎರಡು ಹಾರ್ಡ್‌ಡಿಸ್ಕ್ ಒಟ್ಟಿಗೆ ಓಡಿಸಿದರೆ ಎರಡೂ ಕುಂಟುತ್ತವೆ. ಚಾರ್ಜರನ್ನು ಹಬ್ಬಿನ ಮೂಲಕ ಕೊಟ್ಟರೆ ಅದು ತನ್ನ ಪಾಲಿನ ವ್ಯಾಟುಗಳನ್ನು ಹಿಡಿದುಕೊಂಡು ಉಳಿದದ್ದನ್ನಷ್ಟೇ ಮುಂದೆ ಬಿಡುತ್ತದೆ. ಮತ್ತು ಡೇಟಾ ಮಾತ್ರ ಸಾಗಿಸುವ ಟೈಪ್ ಸಿಗೆ ಎಚ್‌ಡಿಎಂಐ ಇರುವ ಮಾಮೂಲಿ ಹಬ್ ಚುಚ್ಚಿದರೆ ಅದರ ಎಚ್‌ಡಿಎಂಐ ಸತ್ತಂತೆಯೇ. ದಿನಾ ಬೇಕಾದ ಪೋರ್ಟು ಲ್ಯಾಪ್‌ಟಾಪಿನಲ್ಲೇ ಇರಲಿ, ತಿಂಗಳಿಗೊಮ್ಮೆ ಬೇಕಾದದ್ದು ಹಬ್ಬಿನಲ್ಲಿರಲಿ.

ಕೈ ಬಿಗಿಯಿರುವವರಿಗೆ ನಾನು ಧೈರ್ಯವಾಗಿ ಹೇಳುವ ದಾರಿ ಇನ್ನೊಂದಿದೆ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಲ್ಯಾಪ್‌ಟಾಪುಗಳು ಎಸ್‌ಪಿ ರಸ್ತೆಯಲ್ಲೂ ಮೈಸೂರಿನಲ್ಲೂ ಸಿಗುತ್ತವೆ. ಕಚೇರಿಗೆಂದು ಮಾಡಿದವು ಆದ್ದರಿಂದ ಪೋರ್ಟಿನಲ್ಲಿ ಜಿಪುಣತನವಿಲ್ಲ. 2018ರ ಥಿಂಕ್‌ಪ್ಯಾಡ್ ಟಿ480 ತೆಗೆದುಕೊಳ್ಳಿ: ಟೈಪ್ ಎ ಎರಡು, ಟೈಪ್ ಸಿ ಎರಡು, ಎಚ್‌ಡಿಎಂಐ, ಆರ್‌ಜೆ-45, ಎಸ್‌ಡಿ ಕಾರ್ಡಿನ ಜಾಗ, ಹೆಡ್‌ಫೋನ್ ಜಾಕ್. ಈಗಿನ ಐವತ್ತು ಸಾವಿರದ ಹೊಸ ಯಂತ್ರಗಳಲ್ಲಿ ಇಷ್ಟು ಸಿಗುವುದು ಅಪರೂಪ. ಇಂಟೆಲ್‌ನ ಎಂಟನೇ ತಲೆಮಾರಿನ ಪ್ರೊಸೆಸರೇ ಇರಬೇಕು ಎಂಬುದನ್ನು ಖಚಿತ ಮಾಡಿಕೊಳ್ಳಿ; ಅದಕ್ಕಿಂತ ಹಳೆಯವನ್ನು ವಿಂಡೋಸ್ 11 ಒಪ್ಪುವುದಿಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಈ ಮಾದರಿಯಲ್ಲಿ ತಿಳಿದಿರಬೇಕಾದ ಒಂದು ದೋಷವೂ ಇದೆ. ಅದರ ಥಂಡರ್‌ಬೋಲ್ಟ್ ಚಿಪ್ಪಿನ ಹಳೆಯ ಫರ್ಮ್‌ವೇರಿನಿಂದ ಟೈಪ್ ಸಿ ಪೋರ್ಟುಗಳೂ ಕೆಲವೊಮ್ಮೆ ಎಚ್‌ಡಿಎಂಐ ಕೂಡ ಕೈಕೊಡಬಹುದು ಎಂದು ಲೆನೊವೊ ತಾನೇ ತಿಳಿಸಿ ತಿದ್ದುಪಡಿ ಬಿಡುಗಡೆ ಮಾಡಿತ್ತು. ಎಲ್ಲ ಕಚೇರಿಗಳೂ ಅದನ್ನು ಹಾಕಿಕೊಂಡಿರುತ್ತವೆ ಎನ್ನುವಂತಿಲ್ಲ. ಆದ್ದರಿಂದ ದುಡ್ಡು ಎಣಿಸುವ ಮೊದಲು ಎರಡೂ ಟೈಪ್ ಸಿಗೆ ಸರದಿಯಂತೆ ಚಾರ್ಜರ್ ಚುಚ್ಚಿ ದೀಪ ಹತ್ತುತ್ತದೆಯೇ ನೋಡಿ, ಅಂಗಡಿಯ ಟಿವಿಗೆ ಎಚ್‌ಡಿಎಂಐ ಕೊಟ್ಟು ಚಿತ್ರ ಬರಿಸಿ, ಪೆನ್‌ಡ್ರೈವನ್ನು ಪ್ರತಿ ತೂತಿಗೂ ಹಾಕಿ ತೆಗೆಯಿರಿ. ಎಲ್ಲ ಸರಿಯಿದ್ದರೆ ಮನೆಗೆ ತಂದ ದಿನವೇ ಲೆನೊವೊ ತಾಣದಿಂದ ಆ ಫರ್ಮ್‌ವೇರನ್ನು ಇಳಿಸಿ ಹಾಕಿ.